ಭಾನುವಾರ ರಜೆ ಹಾಕುವ ಕಳ್ಳ

ಊಟದ ಹೊತ್ತಿಗೆ ಸರಿಯಾಗಿ ಕಳ್ಳ ಬಂದ. ಸಿದ್ದೇಶ ಡಬ್ಬಿಯ ಮುಚ್ಚಳ ತೆಗೆದು ಮುದ್ದೆಯನ್ನು ಬಸ್ಸಾರಿಗೆ ಅದ್ದಿದ್ದನಷ್ಟೆ, ಜೇಬಿನಲ್ಲಿ ಸ್ಟೀಲ್ ಲೋಟ ಬಿದ್ದ ಸದ್ದಾಯಿತು. ಆಫೀಸಿನ ಕೆಳಗಿನ ಪಾತ್ರೆ ಅಂಗಡಿಯಲ್ಲಿ ಒಂದು ದಿನ ನಿಜವಾಗಿಯೇ ಲೋಟ ಬಿದ್ದಾಗ ಆ ಸದ್ದನ್ನು ಹಿಡಿದು ಫೋನಿಗೆ ಹಾಕಿಕೊಂಡಿದ್ದ. ಆಫೀಸಿನ ದೂರಿನ ಮೇಲ್‌ಗೆ ಏನು ಬಂದರೂ ಲೋಟ ಬೀಳಬೇಕು: ಅವರ ಆಫೀಸು ಕಾಯುವ ವೆಬ್‌ಸೈಟುಗಳ ಬಾಗಿಲನ್ನು ಕಳ್ಳ ಬಡಿದರೂ ಸರಿ, ದೂರಿಗೆ ಯಾರಾದರೂ ಉತ್ತರ ಬರೆದರೂ ಸರಿ. ಉತ್ತರ ಬರೆದವರು ಈವರೆಗೆ ಒಬ್ಬರೂ ಇಲ್ಲ. ಮುದ್ದೆ ಕೈಯಲ್ಲಿ ಹಿಡಿದೇ ಪರದೆ ನೋಡಿದ. ಅದೇ ನಂಬರು, ಇಂಟರ್ನೆಟ್ಟಿನಲ್ಲಿ ಬಂದವರ ಮನೆಯ ವಿಳಾಸದಂಥದ್ದು. ಬಸವೇಶ್ವರನಗರದ ಒಬ್ಬ ಹಲ್ಲಿನ ಡಾಕ್ಟರ ವೆಬ್‌ಸೈಟಿನ ಬಾಗಿಲಲ್ಲಿ ನಿಂತು ಒಂದೊಂದೇ ಪಾಸ್‌ವರ್ಡ್ ಹಾಕಿ ನೋಡುತ್ತಿತ್ತು, ಬೀಗದ ಕೈಗೊಂಚಲು ಹಿಡಿದು ಇದಲ್ಲ, ಇದಲ್ಲ, ಇದೂ ಅಲ್ಲ ಎಂದು ಸಮಾಧಾನವಾಗಿ ತಿರುಗಿಸುವವನ ಹಾಗೆ. ಆ ಸಮಾಧಾನವೇ ಸಿದ್ದೇಶನ ಮೈ ಉರಿಸುತ್ತಿದ್ದುದು. ಬೈದು, ಒದ್ದು, ಬಾಗಿಲು ಮುರಿದುಕೊಂಡು ಬಂದಿದ್ದರೆ ಅದಕ್ಕೊಂದು ಮರ್ಯಾದೆ ಇರುತ್ತಿತ್ತು. "ಥೂ ನಿನ್ನ!" ಎನ್ನುವಷ್ಟರಲ್ಲಿ ಮುದ್ದೆಯ ತುತ್ತು ಕೀಬೋರ್ಡಿನ ಮೇಲೆ ಬಿತ್ತು. ಎದುರು ಟೇಬಲ್ಲಿನಿಂದ ಮಾಲೀಕ ಸುಘೋಷ್ ತಲೆ ಎತ್ತದೆಯೇ ಹೇಳಿದ: "ಗುರು, ಅದು ಮನುಷ್ಯ ಅಲ್ಲ, ಯಾವ್ದೋ ಮೆಷೀನು. ಮೆಷೀನ್ ಮೇಲೆ ಯಾರಾದ್ರೂ ಕೋಪ ಮಾಡ್ಕೋತಾರಾ? ಬ್ಲಾಕ್ ಮಾಡು, ಊಟ ಮಾಡು."

ಮೆಷೀನಂತೆ. ಮೆಷೀನಾಗಿದ್ದರೆ ಇಡೀ ದಿನ ಬಡಿಯಬೇಕಿತ್ತು. ದೂರದೇಶಗಳಿಂದ ಬರುವ ನಂಬರುಗಳು ಹಾಗೇ ಬಡಿಯುತ್ತವೆ, ಅವಕ್ಕೆ ಹಗಲಿಲ್ಲ, ಇರುಳಿಲ್ಲ, ಹಬ್ಬ ಹುಣ್ಣಿಮೆಯಿಲ್ಲ. ಇವನು ಹಾಗಲ್ಲ. ಊಟದ ಹೊತ್ತಿಗೆ ಒಂದು ಪಾಳಿ. ಮಧ್ಯಾಹ್ನದ ಕಾಫಿಯ ಹೊತ್ತಿಗೆ ಇನ್ನೊಂದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಶುರುಮಾಡಿದರೆ ರಾತ್ರಿ ಊಟಕ್ಕೆ ಕೂರುವವರೆಗೆ ಉದ್ದದ ಪಾಳಿ. ನಡುನಡುವೆ ವಿಶ್ರಾಂತಿ. ಭಾನುವಾರ ರಜೆ. ಸಿದ್ದೇಶನಿಗೇ ಭಾನುವಾರ ಅರ್ಧ ದಿನ ಡ್ಯೂಟಿ ಇರುವಾಗ ಕಳ್ಳನಿಗೆ ಪೂರಾ ರಜೆ! ಹಾಗಾದರೆ ಅವನಿಗೊಂದು ಮನೆಯಿದೆ, ಬಿಸಿ ಊಟ ಬಡಿಸುವವರಿದ್ದಾರೆ, ಭಾನುವಾರ ಹೋಗಿಬರಲಿಕ್ಕೆ ನೆಂಟರಿದ್ದಾರೆ ಎಂದು ಸಿದ್ದೇಶ ಲೆಕ್ಕ ಹಾಕಿದ್ದ. ತೂಗುಮಂಚದ ಮೇಲೆ ಕಾಲು ಚಾಚಿ, ಬನಿಯನ್ನಿನಲ್ಲಿ ಕೂತು, ಒಂದು ಕೈಯಲ್ಲಿ ಕೋಡುಬಳೆ ಮುರಿಯುತ್ತ ಇನ್ನೊಂದು ಕೈಯಲ್ಲಿ ಹಲ್ಲಿನ ಡಾಕ್ಟರ ಬಾಗಿಲು ಬಡಿಯುವ ದುಂಡುಮುಖದ ಆಸಾಮಿ. ಅವನ ಮೀಸೆ ಕೂಡ ಸಿದ್ದೇಶನಿಗೆ ಗೊತ್ತಿತ್ತು.

ಇಂಥವರ ನಂಬರು ಬರೆಯಲಿಕ್ಕೆ ಲೋಕಕ್ಕೆಲ್ಲ ಸೇರಿ ಒಂದು ಸೈಟಿದೆ. ನಂಬರು ಹಾಕಿ, ಇವನು ಏನು ಮಾಡಿದ ಎಂದು ಬರೆದರೆ ಅದರ ಎದುರು ಒಂದು ಗುರುತು ಬೀಳುತ್ತದೆ. ಗುರುತು ಹೆಚ್ಚಿದಂತೆ ಕಂಡಕಂಡ ಸೈಟುಗಳು ಆ ನಂಬರಿನ ಮುಖದ ಮೇಲೆ ಬಾಗಿಲು ಹಾಕುತ್ತವೆ. ಸುಘೋಷ್ ಅದನ್ನು ತೋರಿಸಿಕೊಟ್ಟ ದಿನ ಸಿದ್ದೇಶನಿಗೆ ಹೊಸದೇನೂ ಅನ್ನಿಸಿರಲಿಲ್ಲ. ಶಾಲೆಯಲ್ಲಿ ಮೇಷ್ಟ್ರು ಹೊರಗೆ ಹೋದ ಕೂಡಲೇ ಕ್ಲಾಸ್ ಮಾನಿಟರ್ ಮಧ್ವೇಶ ಕರಿಹಲಗೆಯ ಮೂಲೆಯಲ್ಲಿ 'ಮಾತಾಡಿದವರು' ಎಂದು ಬರೆದು ಅದರ ಕೆಳಗೆ ಗೆರೆ ಎಳೆಯುತ್ತಿದ್ದ. ಮಾತಾಡಿದರೆ ಹೆಸರು. ಮತ್ತೆ ಮಾತಾಡಿದರೆ ಹೆಸರಿನ ಮುಂದೆ ಇಂಟು ಮಾರ್ಕು. ಯಾಕೆ ಬರೆದೆ ಎಂದು ಕೇಳಿದರೆ ಆ ಕೇಳಿದ್ದಕ್ಕೂ ಒಂದು ಇಂಟು. ಒಂಬತ್ತನೇ ಕ್ಲಾಸಿನಲ್ಲಿ, ಸಿದ್ದೇಶ ಬಾಯಿಯೇ ತೆರೆಯದ ಒಂದು ಮಧ್ಯಾಹ್ನ, ಅವನ ಹೆಸರಿನ ಮುಂದೆ ಇಂಟುಗಳು ಬೇಲಿಯ ಹಾಗೆ ನಿಂತವು. ಮಾತಾಡಿದ್ದು ಪಕ್ಕದವನು. ಮೇಷ್ಟ್ರು ಬಂದು ಕೈ ಚಾಚು ಅಂದಾಗ ಸಿದ್ದೇಶ ಡಸ್ಟರನ್ನು ಕಿಟಕಿಯಾಚೆ ಎಸೆದು, ಅದರ ಹಿಂದೆಯೇ ತಾನೂ ನಡೆದವನು, ಮತ್ತೆ ಆ ಗೇಟಿನೊಳಗೆ ಕಾಲಿಡಲಿಲ್ಲ. ಈಗ ಸೀಮೆಸುಣ್ಣ ಅವನ ಕೈಯಲ್ಲಿತ್ತು. ಇಂಟು ಹಾಕುವಾಗ ಎದೆಯೊಳಗೆ ತಣ್ಣಗಾಗುತ್ತಿತ್ತು, ಬಿಸಿಲಿನಲ್ಲಿ ನಡೆದು ಬಂದು ಮಜ್ಜಿಗೆ ಕುಡಿದ ಹಾಗೆ. ಅದಕ್ಕೆ ಆಮೇಲೆ ನಾಚಿಕೆಯೂ ಆಗುತ್ತಿತ್ತು, ಆದರೆ ಆ ಹೊತ್ತಿಗೆ ಮುಂದಿನ ಲೋಟ ಬಿದ್ದಿರುತ್ತಿತ್ತು.

ಊಟದ ಪಾಳಿಯ ಕಳ್ಳನನ್ನು ಇಷ್ಟು ದಿನ ಬರೀ ಬೋರ್ಡಿಗೆ ಹಾಕಿ ಸುಮ್ಮನಾಗುತ್ತಿದ್ದ. ಇವತ್ತು ಕೀಬೋರ್ಡಿನ ಸಂದಿಗೆ ಇಳಿದ ಬಸ್ಸಾರನ್ನು ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಒರೆಸುತ್ತ, ಈ ನಂಬರು ಯಾವ ಊರಿನದ್ದು ಎಂದು ಹುಡುಕಿದ. ಯಾವುದೋ ಹಿಮ ಬೀಳುವ ದೇಶ ಬರುತ್ತದೆ ಅಂದುಕೊಂಡಿದ್ದ. ಬೆಂಗಳೂರು ಎಂದು ಬಂತು. ಅದರಲ್ಲೂ ನಂಬರಿನ ಒಡೆಯರು ವಿಜಯನಗರದ ಒಂದು ಇಂಟರ್ನೆಟ್ ಕಂಪನಿಯವರು. ಸಿದ್ದೇಶನಿಗೆ ಕೋಪ ಬರಬೇಕಿತ್ತು, ಬಂದದ್ದು ಒಂದು ವಿಚಿತ್ರ ಸಂತೋಷ. ಬೈದರೆ ಅರ್ಥವಾಗುವವನು! ಕಪಾಳಕ್ಕೆ ಹೊಡೆಯುವಷ್ಟು ಹತ್ತಿರದವನು! ಆ ಕಂಪನಿಗೆ ಇಂಗ್ಲಿಷಿನಲ್ಲಿ ಒಂದು ಮೇಲ್ ಬರೆದ. ಅವನ ಇಂಗ್ಲಿಷು ಅಲ್ಲಲ್ಲಿ ಹೆಕ್ಕಿ ತಂದದ್ದು, ಸೈಟುಗಳ ಎಚ್ಚರಿಕೆಗಳಿಂದ ಅರ್ಧ, ಬ್ಯಾಂಕಿನ ನೋಟೀಸುಗಳಿಂದ ಅರ್ಧ. ಆದರೆ ಸಿಟ್ಟು ಮಾತ್ರ ಸ್ವಂತದ್ದು. 'ನೀವು ಕ್ರಿಮಿನಲ್ ಒಬ್ಬನಿಗೆ ಅನ್ನ ಹಾಕಿ ಸಾಕುತ್ತಿದ್ದೀರಿ. ಅವನನ್ನು ಹುಡುಕಿ, ಲೈನ್ ಕತ್ತರಿಸಿ, ಎತ್ತಿ ಬೀದಿಗೆ ಎಸೆಯಿರಿ. ಇಂಥವನಿಗೆ ಜಾಗ ಕೊಟ್ಟ ಮನೆಯವರಿಗೆ ನಾಚಿಕೆಯಾಗಬೇಕು.' ಕೆಳಗೆ ತನ್ನ ಹೆಸರು ಹಾಕಲಿಲ್ಲ, 'ದೂರು ವಿಭಾಗ' ಎಂದಷ್ಟೇ ಹಾಕಿದ. ವಿಭಾಗವೆಂದರೆ ಅವನೊಬ್ಬನೇ.

ಸಂಜೆ ಕುರುಬರಹಳ್ಳಿಯ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವನಿಗೆ ಎಲ್ಲರ ಮುಖಗಳೂ ಅನುಮಾನ ಹುಟ್ಟಿಸಿದವು. ಮುಂದಿನ ಸೀಟಿನ ಹಿರಿಯರು ಫೋನಿನ ಮೇಲೆ ಎಷ್ಟು ಸಮಾಧಾನವಾಗಿ ಬೆರಳಾಡಿಸುತ್ತಿದ್ದರು! ಇಣುಕಿದರೆ ಸುಡೊಕು. ಹೂವಿನ ಬುಟ್ಟಿಯ ಹೆಂಗಸು ಅವನನ್ನೇ ದಿಟ್ಟಿಸಿ, "ಏನಪ್ಪಾ, ಕಾಲು ತುಳೀತಾ ನಿಂತಿದೀಯಲ್ಲಾ, ಪರಿಜ್ಞಾನ ಇಲ್ವಾ?" ಅಂದಾಗ, ಕಳ್ಳತನ ಮಾಡಿ ಸಿಕ್ಕಿಬಿದ್ದವನ ಹಾಗೆ ಕಿವಿಯೆಲ್ಲ ಬಿಸಿಯಾಯಿತು. ಅಂಗಡಿಗಳಲ್ಲಿ ದೀಪ ಹತ್ತಿದವು, ಊದುಬತ್ತಿಯ ವಾಸನೆ ಕಿಟಕಿಯಿಂದ ಬಂತು. ಜೇಬಿನ ಮೇಲೆ ಕೈಯಿಟ್ಟುಕೊಂಡು ಕಾದ. ದೀಪದ ಹೊತ್ತಿನ ಪಾಳಿ ಶುರುವಾಗಬೇಕು. ಲೋಟ ಬೀಳಲಿಲ್ಲ. ಇನ್ನೂ ಎರಡು ಸ್ಟಾಪು ಕಳೆದರೂ ಬೀಳಲಿಲ್ಲ. ಅವನಿಗೆ ಹೊಳೆಯಿತು: ಕಳ್ಳ ಹೆದರಿದ್ದಾನೆ! ತನ್ನ ಇಂಗ್ಲಿಷು ಮನೆ ಹೊಕ್ಕಿದೆ! ಒಂಬತ್ತನೇ ಕ್ಲಾಸು ಬಿಟ್ಟವನ ಒಂದು ಕಾಗದಕ್ಕೆ ಬೆಂಗಳೂರಿನ ಯಾವುದೋ ಮನೆಯಲ್ಲಿ ಕೋಡುಬಳೆ ಕೈಯಿಂದ ಜಾರಿದೆ. ಬಸ್ಸಿಳಿದವನು ಎದೆ ಮುಂದೆ ಮಾಡಿಕೊಂಡು ನಡೆದ.

ಮನೆಯ ಮುಂದೆ ಕೇಬಲ್ ಕೃಷ್ಣಯ್ಯ ನಿಂತಿದ್ದ. ಬೀದಿಯ ಎಲ್ಲ ಮನೆಗಳಿಗೂ ಟೀವಿಯ ವೈರು, ಇಂಟರ್ನೆಟ್ಟಿನ ವೈರು ಎಳೆದವನು ಅವನೇ. ಕಂಬದಿಂದ ಕಂಬಕ್ಕೆ ತೂಗುವ ಕಪ್ಪು ವೈರುಗಳನ್ನು ಅವನು ತನ್ನ ತೋಟದ ಬಳ್ಳಿಗಳ ಹಾಗೆ ನೋಡುತ್ತಿದ್ದ. ಬಾಗಿಲ ಚೌಕಟ್ಟಿಗೆ ಎರಡು ಕೈಯನ್ನೂ ಕೊಟ್ಟು ಅಡ್ಡ ನಿಂತಿದ್ದಳು ಸಿದ್ದೇಶನ ತಾಯಿ ಚಿಕ್ಕಗಂಗಮ್ಮ. ಯಾಕೆ ಅಡ್ಡ ನಿಂತಿದ್ದಾಳೆ ಎಂಬುದು ಸಿದ್ದೇಶನಿಗೆ ಗೊತ್ತಿತ್ತು. ಯುಗಾದಿಯಲ್ಲಿ ಅವನು ಎಲೆಕ್ಟ್ರಾನಿಕ್ ಸಾಮಾನು ಮಾರುವ ಎಸ್ಪಿ ರೋಡಿನ ಗಲ್ಲಿಯಿಂದ ಒಂದು ಕಪ್ಪು ಡಬ್ಬಿ ತಂದು ಟೀವಿಗೆ ಸಿಕ್ಕಿಸಿಕೊಟ್ಟಿದ್ದ. ಇಂಟರ್ನೆಟ್ಟಿನಿಂದಲೇ ಎಲ್ಲ ಧಾರಾವಾಹಿಗಳೂ ಬಿಟ್ಟಿಯಾಗಿ ಬರುತ್ತಿದ್ದವು. ಟೀವಿಯ ಕೇಬಲ್ ಬೇಡ, ಇಂಟರ್ನೆಟ್ ಸಾಕು ಎಂದಾಗ ಕೃಷ್ಣಯ್ಯ ಯಾಕೆಂದು ಕೇಳಿದ್ದ. ಚಿಕ್ಕಗಂಗಮ್ಮ ಆ ಕ್ಷಣಕ್ಕೆ ಬಾಯಿಗೆ ಬಂದದ್ದನ್ನು ಹೇಳಿದ್ದಳು: ಮಗನಿಗೆ ಒಳ್ಳೆಯ ಹೆಣ್ಣು ಸಿಗಲಿ ಎಂದು ಧಾರಾವಾಹಿ ಬಿಡುವ ಹರಕೆ ಹೊತ್ತಿದ್ದೇನೆ. ಅಂದಿನಿಂದ ಕೃಷ್ಣಯ್ಯ ಬೀದಿಯಲ್ಲಿ ಕಂಡರೆ ಸಾಕು, ಅವಳು ಓಡಿಬಂದು ಡಬ್ಬಿ ಸಮೇತ ಟೀವಿಯ ಮೇಲೆ ಹಳೇ ಸೀರೆ ಹೊದಿಸುತ್ತಿದ್ದಳು.

"ಬಾರಪ್ಪಾ ಸಿದ್ದೇಶಾ, ನಿನ್ನೇ ಕಾಯ್ತಾ ಇದ್ದೆ," ಕೃಷ್ಣಯ್ಯ ಫೋನು ಚಾಚಿದ. "ಮೇಲಿನ ಕಂಪನಿಯೋರು ಕಳ್ಸವ್ರೆ. ಯಾವನೋ ಇಂಗ್ಲಿಷಲ್ಲಿ ಉಗ್ದವ್ನೆ ಅಂತ ಗೊತ್ತಾಯ್ತದೆ, ಏನಂತ ಉಗ್ದವ್ನೆ ಅಂತ ಗೊತ್ತಾಗ್ತಿಲ್ಲ. ಸ್ವಲ್ಪ ಓದಿ ಹೇಳು."

ಸಿದ್ದೇಶ ನೋಡಿದ. ತನ್ನದೇ ಮೇಲ್. ಬೇರೆಯವರ ಫೋನಿನಲ್ಲಿ ಅದು ಬೇರೆಯವರ ಮಗುವಿನ ಹಾಗೆ ಕಂಡಿತು. ಮೊದಲ ಸಾಲಿನಲ್ಲೇ ಒಂದು ಸ್ಪೆಲಿಂಗು ತಪ್ಪಿತ್ತು, ಅದನ್ನು ಈಗಲೇ ತಿದ್ದಬೇಕೆಂದು ಬೆರಳು ಚಡಪಡಿಸಿತು.

"ಅದೂ... ಇಲ್ಲಿಂದ ಯಾರೋ ಲಾಗಿನ್ ಟ್ರೈ ಮಾಡ್ತಾ ಇದಾರೆ, ದಯವಿಟ್ಟು ಗಮನಿಸಿ ಅಂತ ಕೇಳ್ಕೊಂಡಿದಾರೆ, ಅಂಕಲ್."

"ಇಷ್ಟುದ್ದ ಐತೆ, ಇಷ್ಟೇನಾ? ಆ ದಪ್ಪಕ್ಷರದಲ್ಲಿ ಏನಂತೆ?"

"ಲೈನ್ ಕತ್ತರಿಸಿ ಅಂತ."

"ಆಮೇಲೆ?"

"ಎತ್ತಿ ಬೀದಿಗೆ ಎಸೀರಿ ಅಂತ. ಜಾಗ ಕೊಟ್ಟ ಮನೆಯೋರಿಗೆ... ನಾಚಿಕೆ ಆಗ್ಬೇಕು ಅಂತ."

"ಅವನ ಬಾಯಿಗೆ ಮಣ್ಣು ಹಾಕ!" ಚಿಕ್ಕಗಂಗಮ್ಮ ಚೌಕಟ್ಟಿನಿಂದಲೇ ಸಿಡಿದಳು. "ಯಾರೋ ಅವನು? ತಾಯಿ ಅನ್ನೋಳು ಒಬ್ಳು ಇದಾಳೋ ಇಲ್ವೋ? ಇಂಥ ಮಾತು ಆಡೋಕೆ ಕಲ್ಸಿದ್ಲಲ್ಲಾ, ಅವಳಿಗೆ ಹೇಳ್ಬೇಕು ಮೊದ್ಲು!"

ಸಿದ್ದೇಶ ಚಪ್ಪಲಿಯೊಳಗಿನ ತನ್ನ ಹೆಬ್ಬೆರಳನ್ನು ನೋಡುತ್ತ ನಿಂತ. ಕೃಷ್ಣಯ್ಯ ವಿಷಯ ಬಿಡಿಸಿದ. ಮೇಲಿನ ಕಂಪನಿಯಿಂದ, ಎಂದರೆ ವಿಜಯನಗರದವರಿಂದ, ಲೈನು ತಂದು ಬೀದಿಗೆ ಹಂಚುವವನು ಅವನೇ. ಅವರು ತಮ್ಮ ಮೆಷೀನಿನಲ್ಲಿ ನೋಡಿ, ಬಡಿಯುತ್ತಿರುವುದು ಈ ಮನೆಯ ವೈರಿನಿಂದಲೇ ಎಂದು ತೋರಿಸಿದ್ದಾರೆ. ಬೆಳಗ್ಗೆಯೊಳಗೆ ಆಸಾಮಿಯನ್ನು ಹಿಡಿಯದಿದ್ದರೆ ಇಡೀ ಬೀದಿಯ ಲೈನು ಕತ್ತರಿಸುತ್ತಾರಂತೆ. "ನಿಮ್ಮನೇಲಿ ಯಾರಿದೀರಾ? ಹರಕೆ ಹೊತ್ತಿರೋ ತಾಯಿ. ಬೆಳಗ್ಗೆ ಹೋಗಿ ಸಂಜೆ ಬರೋ ಮಗ. ಇನ್ನ..." ಎಂದು ಕಣ್ಣನ್ನು ಮಾತ್ರ ತಾರಸಿಯ ಕಡೆ ಎತ್ತಿದ. ತಾರಸಿಯ ಶೀಟು ರೂಮಿನಲ್ಲಿ ಕೊಟ್ರಪ್ಪ ಬಾಡಿಗೆಗಿದ್ದ, ಕೂಡ್ಲಿಗಿ ಕಡೆಯವನು, ಮನೆಮನೆಗೆ ಊಟದ ಪಾರ್ಸೆಲ್ ಮುಟ್ಟಿಸುವ ಕೆಲಸ. ಬಂದು ಮೂರು ತಿಂಗಳಾಗಿತ್ತಷ್ಟೆ. ಮನೆಯ ವೈಫೈ ಪಾಸ್‌ವರ್ಡನ್ನು ಅವನಿಗೆ ಕೊಟ್ಟವನು ಸಿದ್ದೇಶನೇ. ಕೃಷ್ಣಯ್ಯ ಕಣ್ಣೆತ್ತಿದ್ದೇ ತಡ ಎನ್ನುವಂತೆ ಕೊಟ್ರಪ್ಪನ ಬೈಕು ಗೇಟಿಗೆ ಬಂತು. ಬೆನ್ನ ಮೇಲಿನ ಚೌಕದ ಚೀಲ ಇಳಿಸುವ ಮೊದಲೇ ಮೂರು ಜನರ ಕಣ್ಣು ತನ್ನ ಮೇಲಿದೆ ಎಂದು ಅವನಿಗೆ ತಿಳಿಯಿತು.

"ಏನಾತ್ರೀ ಯಮ್ಮಾ? ಯಾರರ ಹೋದ್ರೇನು?"

"ಹೋಗೋದು ನೀನೇ," ಅಂದ ಕೃಷ್ಣಯ್ಯ. "ಏನಪ್ಪಾ, ಊರೋರ ಲಾಗಿನ್ ಎಲ್ಲಾ ಬಡೀತೀಯಂತೆ?"

"ಬಡಿಯೂದಾ? ನಾ ಬಾಗಲಾ ಬಡೀತೀನ್ರೀ, ಅದೂ ಪಾರ್ಸೆಲ್ ಕೊಡಾಕ. ಗಂಟಿ ಇದ್ರ ಗಂಟಿ ಒತ್ತತೀನಿ." ನಗಿಸಲು ನೋಡಿದ, ಯಾರೂ ನಗಲಿಲ್ಲ. ಹೆಲ್ಮೆಟ್ಟು ಕೈಯಿಂದ ಕೈಗೆ ಬದಲಾಯಿತು. "ನಂದು ಒಂದ ಫೋನ್ ಐತ್ರೀ. ಅದು ದಿನಾ ಪೂರ್ತಿ ದಾರಿ ತೋರ್ಸೂದ್ರಾಗ ಸಾಯ್ತೈತಿ. ಅಣ್ಣಾರಾ, ನೀವರ ಹೇಳ್ರಿ. ನಿಮಗ ಈ ಇದ್ಯಾ ಗೊತ್ತೈತಲ್ಲ."

ಸಿದ್ದೇಶ ಹೇಳಬೇಕಿತ್ತು. ಆದರೆ ಅವನೊಳಗಿನ ಮಾನಿಟರು ಆಗಲೇ ಸೀಮೆಸುಣ್ಣ ಎತ್ತಿಕೊಂಡಿದ್ದ: ಹೊಸಬ, ಒಂಟಿ, ಫೋನು ಬಿಡದವನು. ಎಷ್ಟು ಸುಲಭವಾಗಿ ಕೂರುತ್ತಿತ್ತು! ತಾಯಿಯೂ ಅವಸರದಲ್ಲಿದ್ದಳು. "ಆಯ್ತು ಬಿಡಿ ಕೃಷ್ಣಯ್ಯನೋರೇ, ಬೆಳಗ್ಗೆ ಖಾಲಿ ಮಾಡಿಸ್ತೀನಿ. ನೀವಿನ್ನು ಹೊರಡಿ, ಕತ್ತಲಾಯ್ತು," ಅಂದಳು. ಅನ್ನುತ್ತ ಒಮ್ಮೆ ಒಳಗಡೆ ತಿರುಗಿ ನೋಡಿದಳು. ಆ ನೋಟವನ್ನು ಸಿದ್ದೇಶ ಬಲ್ಲ. ಗಡಿಯಾರ ನೋಡುವ ನೋಟ ಅದು. ದೀಪ ಹಚ್ಚಿದ ಮೇಲೆ ಶುರುವಾಗುವ ಧಾರಾವಾಹಿಯಲ್ಲಿ ಸೊಸೆಗೆ ನೆನಪು ಹೋಗಿ ಬಹಳ ಕಾಲವಾಗಿತ್ತು, ಇವತ್ತು ಬರುತ್ತದೆಂದು ನಿನ್ನೆ ತೋರಿಸಿದ್ದರು. ದೀಪ ಹಚ್ಚಿದ ಮೇಲೆ. ಅದಕ್ಕೂ ಮೊದಲು ಕಾಫಿಯ ಜೊತೆ ಒಂದು. ಊಟದ ಜೊತೆ ಒಂದು. ಒಂದೊಂದು ಮುಗಿದಾಗಲೂ ಕರೆಂಟು ಸುಮ್ಮನೆ ಹೋಗಬಾರದೆಂದು ಗೋಡೆಯ ಸ್ವಿಚ್ಚನ್ನೇ ಆರಿಸುವ ಅಭ್ಯಾಸ ಅವಳದು, ಆರಿಸಿದರೆ ಟೀವಿಯೂ ಸತ್ತಿತು, ಡಬ್ಬಿಯೂ ಸತ್ತಿತು. ಭಾನುವಾರ ಧಾರಾವಾಹಿಗಳಿಲ್ಲ. ಭಾನುವಾರ ಅವಳು ಉಲ್ಲಾಳದ ತಂಗಿಯ ಮನೆಗೆ ಹೋಗುತ್ತಾಳೆ.

ಕಳ್ಳನ ಪಾಳಿಗಳ ಲೆಕ್ಕ ಸಿದ್ದೇಶನಿಗೆ ಈಗ ಕೂಡಿಬಂತು. ದುಂಡುಮುಖ, ಮೀಸೆ, ತೂಗುಮಂಚ ಎಲ್ಲ ಒಂದೊಂದಾಗಿ ಕಳಚಿ ಬಿದ್ದು, ಆ ಜಾಗದಲ್ಲಿ ಹಳೇ ಸೀರೆ ಹೊದ್ದ ಒಂದು ಡಬ್ಬಿ ಉಳಿಯಿತು. ತಾನೇ ತಂದದ್ದು. ಬಿಟ್ಟಿ ಧಾರಾವಾಹಿ ತೋರಿಸುವ ಡಬ್ಬಿ ಬಿಟ್ಟಿ ಬೇರೆ ಏನೇನು ಮಾಡೀತು ಎಂದು ಕೇಳದೆ, ತಂದು, ಸಿಕ್ಕಿಸಿ, ತಾಯಿಯ ಮುಖ ಅರಳಿದ್ದನ್ನು ಕಂಡು ಹಿಗ್ಗಿದ್ದು. ಹೇಳಿದರೆ ಅವಳ ಹರಕೆ ಬೀದಿಗೆ ಬೀಳುತ್ತದೆ. ಹೇಳದಿದ್ದರೆ ಕೊಟ್ರಪ್ಪ ಬೀದಿಗೆ ಬೀಳುತ್ತಾನೆ, ಅದೂ ಸಿದ್ದೇಶನ ಇಂಗ್ಲಿಷಿನ ಪ್ರಕಾರವೇ, ಎತ್ತಿ. ಒಂಬತ್ತನೇ ಕ್ಲಾಸಿನ ಆ ಮಧ್ಯಾಹ್ನ ಪಕ್ಕದ ಹುಡುಗ ಏನು ಮಾಡಿದ್ದ? ಸಮಾಜ ಪುಸ್ತಕ ತೆರೆದು, ಅದರೊಳಗೆ ಮೂಗು ಇಟ್ಟು, ಹೊಯ್ಸಳರನ್ನು ಓದುತ್ತಿದ್ದ. ಅವನ ಕಿವಿ ಕೆಂಪಗಿದ್ದುದು ಸಿದ್ದೇಶನಿಗೆ ಇವತ್ತಿಗೂ ಕಾಣುತ್ತದೆ. ಈಗ ತನ್ನ ಕಿವಿಯನ್ನು ಮುಟ್ಟಿ ನೋಡಿಕೊಂಡ. ಸುಡುತ್ತಿತ್ತು. ತಾಯಿಯ ಕಣ್ಣು ಅವನ ಕಣ್ಣನ್ನು ಹಿಡಿಯಿತು. ಏನೋ ಅಪಾಯ ಬರುತ್ತಿದೆ ಎಂದಷ್ಟೇ ಅವಳಿಗೆ ಗೊತ್ತಾದದ್ದು. "ಲೋ ಸಿದ್ದಾ, ಕೈಕಾಲು ತೊಳ್ಕೊಂಡು ಬಾ," ಅಂದಳು ಮೆಲ್ಲಗೆ, ಬೇಡವೋ ಎನ್ನುವ ಹಾಗೆ.

ಅವನು ಅವಳ ತೋಳಿನ ಕೆಳಗೆ ನುಸುಳಿ ಒಳಗೆ ಹೋದ, ಟೀವಿಯ ಮೇಲಿನ ಹಳೇ ಸೀರೆ ಎಳೆದ, ಗೋಡೆಯ ಸ್ವಿಚ್ಚು ಒತ್ತಿದ. ಡಬ್ಬಿಯ ಮೇಲೆ ನೀಲಿ ದೀಪ ಕಣ್ಣು ಬಿಟ್ಟಿತು. ಟೀವಿಯಲ್ಲಿ ಆಸ್ಪತ್ರೆ, ಆಸ್ಪತ್ರೆಯಲ್ಲಿ ರೇಷ್ಮೆ ಸೀರೆ ಉಟ್ಟು ಮಲಗಿದ್ದ ಸೊಸೆ. ಕೃಷ್ಣಯ್ಯ ಹೊಸ್ತಿಲ ತನಕ ಬಂದಿದ್ದ. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಸಿದ್ದೇಶನ ಜೇಬಿನಲ್ಲಿ ಲೋಟ ಬಿತ್ತು. ಮತ್ತೊಂದು. ಮತ್ತೆ ಒಂದರ ಮೇಲೊಂದು, ಪಾತ್ರೆ ಅಂಗಡಿಯ ಅಟ್ಟವೇ ಕುಸಿದ ಹಾಗೆ.

"ಇದೇ ಅಂಕಲ್. ಈ ಡಬ್ಬೀನೇ. ಯಾವನೋ ಇದರೊಳಗೆ ಕಳ್ಳ ಪ್ರೋಗ್ರಾಮ್ ತುಂಬಿ ಮಾರಿದಾನೆ. ಟೀವಿ ಹಾಕಿದಾಗೆಲ್ಲಾ ಇದು ಹೋಗಿ ಊರೋರ ಬಾಗಿಲು ಬಡಿಯುತ್ತೆ. ಕೊಟ್ರಪ್ಪನದ್ದೇನೂ ಇಲ್ಲ."

ಕೃಷ್ಣಯ್ಯ ಡಬ್ಬಿಯ ಕಡೆ ನೋಡಲೇ ಇಲ್ಲ. ಅವನ ದೃಷ್ಟಿ ಟೀವಿಯ ಮೇಲೆ ನೆಟ್ಟಿತ್ತು, ಕೈಬಿಟ್ಟು ಹೋದ ಹೆಂಡತಿ ಬೇರೆಯವರ ಮನೆಯಲ್ಲಿ ಕಾಫಿ ಬಸಿಯುತ್ತಿರುವುದನ್ನು ಕಂಡವನ ಹಾಗೆ. "ಚಿಕ್ಕಗಂಗಮ್ಮಾ," ಅಂದ ಕೊನೆಗೆ. "ಹರಕೆ?"

"ಸಂಜೇದು ಮಾತ್ರ ನೋಡ್ತೀನಿ," ಅಂದಳು ಚಿಕ್ಕಗಂಗಮ್ಮ. ಲೋಟಗಳು ಬೀಳುತ್ತಲೇ ಇದ್ದವು. "ಮತ್ತೆ ಊಟದ ಹೊತ್ತಿಂದು," ಎಂದು ಸೇರಿಸಿ, ಸೆರಗಿನ ತುದಿಯಿಂದ ಟೀವಿಯ ಮೇಲೆ ಇಲ್ಲದ ಧೂಳನ್ನು ಒರೆಸಿದಳು.

"ಅದಿರ್ಲಿ," ಗೇಟಿನ ಹತ್ತಿರದಿಂದ ಕೊಟ್ರಪ್ಪ ಕೇಳಿದ, "ಕಳ್ಳ ಟೀವಿ ಬುಡಕದಾಗ ಅದಾನ, ಗಂಟಿ ಅಣ್ಣಾರ ಜೇಬಿನಾಗ ಯಾಕ ಬಡ್ಕೊಳ್ತೈತ್ರೀ?"

ಮೂವರ ಕಣ್ಣೂ ಈಗ ಸಿದ್ದೇಶನ ಪ್ಯಾಂಟಿನ ಮೇಲೆ ಬಂದು ನಿಂತವು. ಸ್ವಿಚ್ಚು ಆರಿಸಿದ, ಸದ್ದು ನಿಂತಿತು. ಆಮೇಲೆ ಹೇಳಿದ: "ಆ ಮೇಲ್ ಬರೆದೋನು ನಾನೇ." ಹೇಳಿದ ಮೇಲೆ ಯಾರಾದರೂ ಹೊಡೆದಿದ್ದರೆ ಚೆನ್ನಾಗಿತ್ತು. ಚಿಕ್ಕಗಂಗಮ್ಮ ತಾನು ಈಗಷ್ಟೇ ಬೈದ ತಾಯಿ ಯಾರೆಂದು ಲೆಕ್ಕ ಹಾಕುತ್ತಿದ್ದಳು. ಮೊದಲು ನಕ್ಕದ್ದು ಕೃಷ್ಣಯ್ಯ. ಹೊಟ್ಟೆ ಹಿಡಿದು, ಬಾಗಿಲ ಚೌಕಟ್ಟಿಗೆ ಒರಗಿ, ಕೆಮ್ಮು ಬರುವ ತನಕ ನಕ್ಕ. ಆಮೇಲೆ ಕಣ್ಣೊರೆಸಿಕೊಂಡು ಮತ್ತೆ ಫೋನು ಚಾಚಿದ. "ತಗಾ. ಮೇಲಿನೋರು ಉತ್ತರ ಕೊಡು ಅಂದವ್ರೆ. ಬರಿ, ಕಳ್ಳ ಸಿಕ್ಕವ್ನೆ, ತಪ್ಪಾಯ್ತು, ಕ್ಷಮಿಸಿ ಅಂತ."

"ಅಂಕಲ್, ಅದು ನನಗೇ ಬರುತ್ತೆ."

"ಬರ್ಲಿ. ನಿನ್ನ ಆಫೀಸು ನಿಂದು, ನನ್ನ ಲೈನು ನಂದು."

ಮೆಟ್ಟಿಲ ಮೇಲೆ ಕೂತು ಸಿದ್ದೇಶ ಕೃಷ್ಣಯ್ಯನ ಪರವಾಗಿ ತನ್ನನ್ನು ಕ್ಷಮೆ ಕೇಳಿದ. ಕಳಿಸಿದ. ಜೇಬಿನಲ್ಲಿ ಲೋಟ ಬಿತ್ತು. ದೂರು ವಿಭಾಗಕ್ಕೆ ಬಂದ ಮೊಟ್ಟಮೊದಲ ಉತ್ತರ. ಅದಕ್ಕೂ ಉತ್ತರ ಬೇಕೆಂದು ಕೃಷ್ಣಯ್ಯ ಹಟ ಹಿಡಿದ, ಇಲ್ಲದಿದ್ದರೆ ಕಂಪನಿಯವರು ನಂಬುವುದಿಲ್ಲವಂತೆ. ಸಿದ್ದೇಶ ತನ್ನ ಫೋನು ತೆಗೆದು ಎರಡು ಸಾಲು ಬರೆದ: ವಿಷಯ ಮುಗಿದಿದೆ, ದೂರು ಹಿಂತೆಗೆದುಕೊಂಡಿದ್ದೇವೆ. ಕೃಷ್ಣಯ್ಯನ ಫೋನು ಗುರ್ ಎಂದಿತು. ಪಕ್ಕದಲ್ಲೇ ಕೂತು ಬರೆಯುವುದನ್ನು ನೋಡಿದ್ದರೂ ಅವನು ಅದನ್ನು ಗಂಭೀರವಾಗಿ ಸಿದ್ದೇಶನ ಕೈಗೆ ಕೊಟ್ಟ. "ಯಾವನೋ ಬರ್ದವ್ನೆ. ಓದಿ ಹೇಳು. ಎಲ್ಲರಿಗೂ ಕೇಳ್ಲಿ."

ಕೊಟ್ರಪ್ಪ ಹೆಲ್ಮೆಟ್ಟನ್ನು ಇನ್ನೂ ಎದೆಗೆ ಒತ್ತಿಕೊಂಡು ನಿಂತಿದ್ದ, ರೂಮು ಉಳಿಯಿತೋ ಇಲ್ಲವೋ ಎಂದು ಅವನಿಗೆ ಇನ್ನೂ ಯಾರೂ ಹೇಳಿರಲಿಲ್ಲ.

"ಏನಂದ್ರೆ," ಸಿದ್ದೇಶ ಗಂಟಲು ಸರಿಮಾಡಿಕೊಂಡ, ಪರದೆಯ ಮೇಲಿನ ಇಂಗ್ಲಿಷಿಗೆ ಬೆರಳಿಟ್ಟು ಓದುವವನ ಹಾಗೆ ಓದಿದ, "ಮಹಡಿ ಮೇಲಿನ ಕೊಟ್ರಪ್ಪನ ತಪ್ಪೇನೂ ಇಲ್ಲ. ಅವರು ರೂಮು ಖಾಲಿ ಮಾಡೋ ಹಾಗಿಲ್ಲ. ಬರೆದೋನಿಗೆ ನಾಚಿಕೆ ಆಗಿದೆ."

"ಹಂಗಂತ ಐತಾ ಅದ್ರಾಗ?" ಅಂದ ಕೊಟ್ರಪ್ಪ.

"ಹೂಂ. ಇದೆ."

ಆಗ ಒಳಗೆ ವೀಣೆ, ಕೊಳಲು, ಆಮೇಲೆ ಗುಡುಗು. ಚಿಕ್ಕಗಂಗಮ್ಮ ಯಾವಾಗ ಒಳಗೆ ಹೋದಳೋ ಯಾರೂ ನೋಡಿರಲಿಲ್ಲ. "ಲೋ, ಇವತ್ತೊಂದಿನ ಕಣೋ! ಅವಳಿಗೆ ನೆನಪು ಬರ್ತಾ ಐತೆ!" ಎಂದು ಕೂಗಿದಳು. ಹರಕೆ ಮುರಿದದ್ದು ಬೀದಿಗೇ ಗೊತ್ತಾದ ಮೇಲೆ ವಾಲ್ಯೂಮಿಗೆ ಅಂಜಿಕೆಯಿರಲಿಲ್ಲ. ಸಿದ್ದೇಶನ ಜೇಬಿನಲ್ಲಿ ಲೋಟಗಳು ಉರುಳತೊಡಗಿದವು. ಎದ್ದು ಹೋಗಿ ವೈರು ಕಿತ್ತು ಹಾಕಬೇಕು. ಒಂದೊಂದು ಸದ್ದಿಗೂ ಎಲ್ಲೋ ಒಂದು ಬಾಗಿಲು, ಬಾಗಿಲ ಹಿಂದೆ ತನ್ನಂಥವನೇ ಯಾವನೋ ಒಬ್ಬ, ಮುದ್ದೆ ಕೈಯಲ್ಲಿ ಹಿಡಿದು ಬೈಯುತ್ತಿರುವವನು. ಏಳಲಿಲ್ಲ. ಕೊಟ್ರಪ್ಪ ಬಂದು ಅದೇ ಮೆಟ್ಟಿಲ ಮೇಲೆ, ಸ್ವಲ್ಪ ಅಂತರ ಬಿಟ್ಟು ಕೂತ. ಹೆಲ್ಮೆಟ್ಟನ್ನು ಕಾಲ ಬಳಿ ಇಟ್ಟ. "ಯಮ್ಮಾರು ಮತ್ತ ಯಾರದೋ ಬಾಗಲಾ ಬಡ್ಯಾಕ ಹೋದ್ರು ನೋಡ್ರಿ," ಅಂದ.

"ಅಮ್ಮಾ," ಸಿದ್ದೇಶ ತಿರುಗದೆಯೇ ಕೂಗಿ ಹೇಳಿದ, "ಜಾಹೀರಾತು ಬಂದ ತಕ್ಷಣ ಆರ್ಸ್ಬಿಡು."